ಹಳೆಯ ಅಮೆರಿಕದ ವಕೀಲನ ಬದುಕು ಬರೆಯುವುದು ಹೇಗೆ: ಮೊದಲು ದಾವೆಯ ಕಾಗದ

ವಕೀಲನೊಬ್ಬನ ಬದುಕು ಬರೆಯಲು ಹೊರಟಿದ್ದರೆ ಅವನು ಹುಟ್ಟಿದ ಊರಿನಿಂದ ಶುರು ಮಾಡಬೇಡಿ. ಅವನು ನಡೆಸಿದ ಒಂದು ದಾವೆ ಹಿಡಿಯಿರಿ. ನಾನು ಸಿವಿಲ್ ವಕೀಲ. ಕಕ್ಷಿದಾರ ಹೇಳುವ ಕಥೆಯನ್ನು ಪೂರ್ತಿ ಕೇಳುತ್ತೇನೆ, ಆದರೆ ನಂಬುವುದು ಕಾಗದ ನೋಡಿದ ಮೇಲೆ. ಸತ್ತು ಇನ್ನೂರು ವರ್ಷವಾದವರ ವಿಷಯದಲ್ಲೂ ಅದೇ ಪದ್ಧತಿ ಸರಿ.

ಉದಾಹರಣೆಗೆ ಥಿಯೋಡೋರ್ ಸೆಡ್ಜ್‌ವಿಕ್ (1746–1813). ಕನೆಕ್ಟಿಕಟ್‌ನಲ್ಲಿ ಹುಟ್ಟಿ, ಯೇಲ್‌ನಲ್ಲಿ ಓದು ಮುಗಿಸದೆ ಹೊರಬಿದ್ದು, ಹಿರಿಯ ವಕೀಲರೊಬ್ಬರ ಬಳಿ ಕಾನೂನು ಕಲಿತು, 1766ರಲ್ಲಿ ಮ್ಯಾಸಚೂಸೆಟ್ಸ್‌ನ ಬರ್ಕ್‌ಷೈರ್ ಕಡೆ ವಕೀಲಿ ಹಿಡಿದವರು. ಇಷ್ಟಕ್ಕೆ ಒಂದು ಪ್ಯಾರಾ ಸಾಕು. ಅಮೆರಿಕನ್ ಕಾಂಗ್ರೆಸ್ಸೇ ಇಟ್ಟಿರುವ ಸದಸ್ಯರ ಜೀವನಕೋಶದಲ್ಲಿ ಹುದ್ದೆಗಳ ಪಟ್ಟಿ ಸಿಗುತ್ತದೆ: ಮೊದಲ ಕಾಂಗ್ರೆಸ್ಸಿನಿಂದಲೇ ಪ್ರತಿನಿಧಿ ಸಭೆ, 1796ರಿಂದ ಸೆನೆಟ್, 1799ರಿಂದ 1801ರವರೆಗೆ ಮತ್ತೆ ಪ್ರತಿನಿಧಿ ಸಭೆಯಲ್ಲಿ ಸ್ಪೀಕರ್, 1802ರಿಂದ ಸಾಯುವವರೆಗೆ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶ. ಅದನ್ನು ಪಕ್ಕದಲ್ಲಿಟ್ಟುಕೊಳ್ಳಿ. ಅದನ್ನೇ ಬಿಡಿಸಿ ಬರೆದು ಜೀವನಚರಿತ್ರೆ ಎಂದು ಕರೆಯಬೇಡಿ.

ಈಗ ದಾವೆ. 1781, ಗ್ರೇಟ್ ಬ್ಯಾರಿಂಗ್ಟನ್‌ನ ಕೌಂಟಿ ಕೋರ್ಟು. ವಾದಿಗಳು ಬ್ರಾಮ್ ಮತ್ತು ಬೆಟ್, ಇಬ್ಬರೂ ಗುಲಾಮರು. ಪ್ರತಿವಾದಿ ಕರ್ನಲ್ ಜಾನ್ ಆ್ಯಶ್ಲಿ, ಊರಿನ ದೊಡ್ಡ ಕುಳ. ಹಿಂದಿನ ವರ್ಷವಷ್ಟೇ ಜಾರಿಗೆ ಬಂದಿದ್ದ ರಾಜ್ಯ ಸಂವಿಧಾನ ಎಲ್ಲರೂ ಹುಟ್ಟಿನಿಂದ ಸ್ವತಂತ್ರರು, ಸಮಾನರು ಎಂದಿತ್ತು. ಸೆಡ್ಜ್‌ವಿಕ್ ಜೊತೆ ವಾದಿಗಳ ಪರ ನಿಂತವರು ಟ್ಯಾಪಿಂಗ್ ರೀವ್. ಮುಂದೆ ಲಿಚ್‌ಫೀಲ್ಡ್‌ನ ಕಾನೂನು ಶಾಲೆಯಿಂದ ಹೆಸರಾದವರು.

ದಾವೆ ಯಾವ ದಾರಿಯಲ್ಲಿ ಬಂತು ಎಂದು ಮೊದಲು ನೋಡಿ. ಇವರು ತೆಗೆಸಿದ್ದು ರಿಪ್ಲೆವಿನ್ ರಿಟ್: ಅಕ್ರಮವಾಗಿ ಹಿಡಿದಿಟ್ಟುಕೊಂಡದ್ದನ್ನು ಬಿಡು ಎನ್ನುವ ಆದೇಶ, ಸಾಮಾನ್ಯವಾಗಿ ದನಕರು, ಸಾಮಾನಿನ ವ್ಯಾಜ್ಯಕ್ಕೆ ಬಳಸುವಂಥದ್ದು. ಆ್ಯಶ್ಲಿ ಬಿಡಲಿಲ್ಲ, ಇವರು ಜೀವನಪೂರ್ತಿ ನನ್ನ ಆಳುಗಳು ಎಂದರು. ಅಲ್ಲಿಗೆ ಜ್ಯೂರಿಯ ಮುಂದೆ ಉಳಿದ ಪ್ರಶ್ನೆ ಒಂದೇ, ಇವರು ಆ್ಯಶ್ಲಿಯ ಸ್ವತ್ತು ಹೌದೋ ಅಲ್ಲವೋ. ಉದ್ದುದ್ದ ಭಾಷಣಕ್ಕಿಂತ ಈ ಹೆಜ್ಜೆಯಲ್ಲೇ ವಕೀಲನ ತಲೆ ಕಾಣುತ್ತದೆ. ಆಗಸ್ಟ್‌ನಲ್ಲಿ ತೀರ್ಪು ವಾದಿಗಳ ಪರ ಬಂತು, 30 ಶಿಲ್ಲಿಂಗ್ ಪರಿಹಾರ, ಮೇಲೆ ಕೋರ್ಟು ಖರ್ಚು. ಆ್ಯಶ್ಲಿ ಮೇಲ್ಮನವಿ ಹಾಕಿ, ಆಮೇಲೆ ತಾವೇ ಕೈಬಿಟ್ಟರು. ಮೊತ್ತ ಸಣ್ಣದೆಂದು ಬಿಡಬೇಡಿ, ಬರೆಯಿರಿ. ಆದೇಶದ ಕೊನೆಯ ಸಾಲು ಓದದವನು ಆದೇಶವನ್ನೇ ಓದಿಲ್ಲ ಎನ್ನುವುದು ನನ್ನ ಹಟ.

ಮುಂದಿನ ಕೆಲಸ ಎದುರುಪಕ್ಷದವರ ಜೊತೆ ಇವರ ಹಳೆಯ ಸಂಬಂಧ ಹುಡುಕುವುದು. 1773ರ ಜನವರಿಯಲ್ಲಿ ಬ್ರಿಟಿಷ್ ದರ್ಬಾರಿನ ವಿರುದ್ಧ ಮ್ಯಾಸಚೂಸೆಟ್ಸ್‌ನದೇ ಶೆಫೀಲ್ಡ್ ಊರಿನ ನಿರ್ಣಯಗಳು ಸಿದ್ಧವಾದದ್ದು ಇದೇ ಆ್ಯಶ್ಲಿಯವರ ಮನೆಯಲ್ಲಿ, ಕರಡು ಬರೆಯುವುದರಲ್ಲಿ ಕೈ ಇದೇ ಸೆಡ್ಜ್‌ವಿಕ್‌ರದು. ಮನುಷ್ಯರೆಲ್ಲ ಸಮಾನರು ಎಂಬ ಮಾತು ಅದರಲ್ಲೂ ಇದೆ. ಎಂಟು ವರ್ಷಕ್ಕೆ ಆ ಮನೆಯ ಯಜಮಾನ ಪ್ರತಿವಾದಿ! ಸಣ್ಣ ಊರಿನ ವಕೀಲಿ ಕಂಡವರಿಗೆ ಇದು ವಿಚಿತ್ರವೇನಲ್ಲ.

ಮನೆಯವರ ಮಾತನ್ನು ಜಾಗ್ರತೆಯಿಂದ ತೂಗಿ. ಯಜಮಾನಿ ಕಾದ ಸಲಿಕೆ ಎತ್ತಿದಾಗ ಬೆಟ್ ತಂಗಿಗೆ ಅಡ್ಡ ನಿಂತು ತೋಳಿಗೆ ಏಟು ತಿಂದ ಪ್ರಸಂಗ ನಮಗೆ ಬಂದಿರುವುದು ಸೆಡ್ಜ್‌ವಿಕ್‌ರ ಮಗಳು, ಕಾದಂಬರಿಗಾರ್ತಿ ಕ್ಯಾಥರೀನ್ 1853ರಲ್ಲಿ ಅಚ್ಚು ಹಾಕಿಸಿದ ಬರಹದಲ್ಲಿ. ಆಕೆ ಹುಟ್ಟಿದ್ದು 1789ರಲ್ಲಿ, ದಾವೆ ಮುಗಿದ ಎಂಟು ವರ್ಷಕ್ಕೆ. ಕೋರ್ಟಿನಲ್ಲಾದರೆ ಕೇಳಿಕೆಯ ಸಾಕ್ಷ್ಯ. ಆದರೆ ಬಿಡುಗಡೆಯಾದ ಬೆಟ್ ಎಲಿಜಬೆತ್ ಫ್ರೀಮನ್ ಎಂದು ಹೆಸರಿಟ್ಟುಕೊಂಡು ಸೆಡ್ಜ್‌ವಿಕ್‌ರ ಮನೆಯಲ್ಲೇ ಸಂಬಳಕ್ಕಿದ್ದು ಈ ಮಕ್ಕಳನ್ನು ಸಾಕಿದವರು. 1829ರಲ್ಲಿ ತೀರಿಕೊಂಡಾಗ ಸ್ಟಾಕ್‌ಬ್ರಿಡ್ಜ್‌ನಲ್ಲಿ ಆ ಕುಟುಂಬದ ಸಮಾಧಿಗಳ ನಡುವೆಯೇ ಮಣ್ಣಾದರು. ಹಾಗಾಗಿ ಪ್ರಸಂಗ ಬಿಡುವುದು ಬೇಡ, "ಮಗಳು ಬರೆದಂತೆ" ಎಂದು ಸೇರಿಸಿದರೆ ಆಯಿತು.

ಇಷ್ಟಾದ ಮೇಲೆಯೇ ಶಾಸನಸಭೆಗೆ ಬನ್ನಿ, ಅಲ್ಲಿ ನಿಮ್ಮ ನಾಯಕನಿಗೆ ಮುಜುಗರ ತರುವ ಪುಟವನ್ನೇ ಮೊದಲು ತೆಗೆಯಿರಿ. 1791ರಲ್ಲಿ ಓಡಿಹೋದ ಗುಲಾಮರನ್ನು ಹಿಡಿದೊಪ್ಪಿಸುವ ಮಸೂದೆಯನ್ನು ಪ್ರತಿನಿಧಿ ಸಭೆಗೆ ತಂದ ಮೂವರ ಸಮಿತಿಯ ಮುಂದಾಳು ಇದೇ ಸೆಡ್ಜ್‌ವಿಕ್. ಅದು ಮುಂದೆ ಸಾಗಲಿಲ್ಲ. 1793ರ ಕಾಯಿದೆ ಸೆನೆಟ್‌ನ ಮಸೂದೆಯಿಂದ ಬಂತು. ಬೆಟ್‌ಳ ವಕೀಲನೂ ಇವರೇ, ಇದೂ ಇವರೇ. ಒಂದನ್ನು ತೋರಿಸಿ ಇನ್ನೊಂದಕ್ಕೆ ಸಮಜಾಯಿಷಿ ಕೊಡಲು ಹೋಗಬೇಡಿ, ಎರಡನ್ನೂ ಇಸವಿಯ ಪ್ರಕಾರ ಇಡಿ.

ಕಲಾಪಗಳಿಗೆ ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾಲತಾಣದಲ್ಲಿ ಆ್ಯನಲ್ಸ್ ಆಫ್ ಕಾಂಗ್ರೆಸ್ ಪುಕ್ಕಟೆ ಸಿಗುತ್ತದೆ. ಆದರೆ ಅದು ಆಗಿನ ಪತ್ರಿಕಾ ವರದಿಗಳನ್ನು ಕಲೆಹಾಕಿ 1834ರಿಂದ ಮುಂದೆ ಅಚ್ಚಾದದ್ದು, ಹಾಗಾಗಿ ಅಲ್ಲಿನ ಭಾಷಣ ಆಡಿದ ಮಾತಿನ ಪೂರ್ತಿ ನಕಲಲ್ಲ. ಅದರಲ್ಲೂ ಇವರು ಸ್ಪೀಕರ್ ಆಗಿದ್ದಾಗ, ವರದಿಗಾರರಿಗೆ ಸಭೆಯ ಒಳಗೆ ಜಾಗ ಕೊಡುವ ಪ್ರಶ್ನೆಯಲ್ಲಿ ಮತ ಸಮವಾಗಿ, ನಿರ್ಣಾಯಕ ಮತವನ್ನು ವಿರುದ್ಧ ಹಾಕಿದವರೂ ಇವರೇ. 1801ರ ಫೆಬ್ರವರಿಯಲ್ಲಿ ಅಧ್ಯಕ್ಷ ಯಾರೆಂದು ತೀರ್ಮಾನಿಸಲು ಪ್ರತಿನಿಧಿ ಸಭೆಯಲ್ಲಿ ಜೆಫರ್ಸನ್‌–ಬರ್ ನಡುವೆ 36 ಸುತ್ತು ಮತದಾನ ನಡೆದ ದಿನಗಳಿಗೆ ಕಲಾಪದ ಪುಸ್ತಕವೊಂದನ್ನೇ ನೆಚ್ಚಬೇಡಿ. ಇವರದೇ ಫೆಡರಲಿಸ್ಟ್ ಪಕ್ಷದ ಮುಂದಾಳು ಹ್ಯಾಮಿಲ್ಟನ್ ಬರ್ ಬೇಡವೆಂದು ಇವರಿಗೆ ಬರೆದದ್ದು, ಸೆಡ್ಜ್‌ವಿಕ್ ಬರ್ ಪರ ಉತ್ತರಿಸಿದ್ದು ಎರಡೂ ಆ ಕಾಲದ ನಾಯಕರ ಪತ್ರಗಳ ಜಾಲತಾಣ ಫೌಂಡರ್ಸ್ ಆನ್‌ಲೈನ್‌ನಲ್ಲಿವೆ. ತಾರೀಖಿನ ಪ್ರಕಾರ ಜೋಡಿಸಿಕೊಂಡು ಓದಿ. ಕುಟುಂಬದ ಉಳಿದ ಕಾಗದಪತ್ರ ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿಯಲ್ಲಿದೆ.