ಮೋಲ್ ಪಾಠಕ್ಕೆ ಮುನ್ನ ‘ಕರೆ’

ಹತ್ತನೆಯ ತರಗತಿಯ ರಸಾಯನಶಾಸ್ತ್ರದಲ್ಲಿ ಮೋಲ್ ಪರಿಕಲ್ಪನೆಗೆ, ಅಂದರೆ ವಸ್ತುವಿನ ಮೊತ್ತವನ್ನು ಅದರ ಕಣಗಳ ಎಣಿಕೆಯಿಂದ ಹೇಳುವ ಮಾನಕ್ಕೆ, ಬಂದಾಗ ನಾನು ಲೆಕ್ಕದಿಂದ ಆರಂಭಿಸುವುದಿಲ್ಲ. ಮೊದಲ ಅವಧಿ ಪೂರ್ತಿ ಆ ಪದಕ್ಕೇ ಮೀಸಲು. ಪಾಠಗಳು ಮುಗಿಯುವ ಮೊದಲೇ ಪರೀಕ್ಷೆ ಬಂದೀತು ಎಂದು ಸಹೋದ್ಯೋಗಿಗಳು ಎಚ್ಚರಿಸುತ್ತಾರೆ. ಅವರ ಮಾತು ಸುಳ್ಳಲ್ಲ. ಆದರೂ ಬಿಡಲು ಮನಸ್ಸು ಬಾರದು, ಏಕೆಂದರೆ ಇಂಥ ತರಗತಿ ಸಿಗುವುದು ನಮ್ಮ ಕಾಸರಗೋಡಿನಲ್ಲಿ ಮಾತ್ರ. ಶಾಲೆ ಕನ್ನಡ ಮಾಧ್ಯಮದ್ದು. ಮನೆಗೆ ಹೋದರೆ ಒಬ್ಬರದು ತುಳು, ಇನ್ನೊಬ್ಬರದು ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ ಕನ್ನಡ. ಒಂದು ಪದ ಹಾಕಿದರೆ ಆರು ಕಡೆಯಿಂದ ಉತ್ತರ ಬರುತ್ತದೆ.

ಎಂ, ಓ, ಎಲ್, ಇ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಹಲಗೆಯ ಮೇಲೆ ಬರೆದು ಸುಮ್ಮನೆ ನಿಲ್ಲುತ್ತೇನೆ. ಹಿಂದಿನ ಬೆಂಚಿನಿಂದ ಮೊದಲು ಬರುವುದು ನಗು. ಮೊಬೈಲ್ ಸಂದೇಶದಲ್ಲಿ ಮಲಯಾಳವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಅಭ್ಯಾಸವಿರುವವರಿಗೆ ಅದು ಮಗಳನ್ನು ಕರೆಯುವ ‘ಮೋಳೇ’. ಅದನ್ನೂ ಬರೆದುಕೊಳ್ಳಿ ಎನ್ನುತ್ತೇನೆ. ಮಲಯಾಳದ ‘ಮಗಳ್’ ಎಂಬುದೇ ಆಡುಮಾತಿನಲ್ಲಿ ಸವೆದು ‘ಮೋಳ್’ ಆಗಿದೆ; ನಮ್ಮ ‘ಮಗಳು’ ಅದರ ಒಡಹುಟ್ಟು. ಇಂಗ್ಲಿಷಿನ ಮೋಲ್‌ಗೂ ಅದಕ್ಕೂ ಸಂಬಂಧವಿಲ್ಲ. ‘ಮೊಲ’ಕ್ಕೂ ಇಲ್ಲ, ಗೋಡೆಗೆ ಹೊಡೆಯುವ ‘ಮೊಳೆ’ಗೂ ಇಲ್ಲ. ಹೋಲಿಕೆಯಷ್ಟರಿಂದ ನಂಟು ಕಟ್ಟಬಾರದು ಎಂಬುದು ಅಲ್ಲಿಗೆ ಅರ್ಧ ಅರ್ಥವಾಗಿರುತ್ತದೆ.

ಮುಂದೆ ಇಂಗ್ಲಿಷ್ ಅರ್ಥಗಳು ಒಂದೊಂದಾಗಿ ಬರುತ್ತವೆ. ಚರ್ಮದ ಮೇಲಿನ ಮಚ್ಚೆ ಎಲ್ಲರಿಗೂ ಗೊತ್ತು. ಮಣ್ಣಿನೊಳಗೆ ಸುರಂಗ ಕೊರೆಯುವ ಪ್ರಾಣಿಯೂ ಕೆಲವರಿಗೆ ಗೊತ್ತು. ಆದರೆ ಅದನ್ನು ಇಲ್ಲಿ ಕಂಡವರಿಲ್ಲ, ಕಾಣುವಂತೆಯೂ ಇಲ್ಲ: ದಕ್ಷಿಣ ಭಾರತದಲ್ಲಿ ಆ ಕುಟುಂಬದ ಪ್ರಾಣಿಯೇ ಇಲ್ಲ. ಕಂಗಿನ ತೋಟದಲ್ಲಿ ಬಿಲ ತೋಡುವುದು ಹೆಗ್ಗಣ, ಮಲಯಾಳದ ಪೆರುಚ್ಚಾಳಿ. ಅದು ಇಲಿಯ ಬಳಗ. ಪತ್ತೇದಾರಿ ಚಿತ್ರ ನೋಡುವ ಹುಡುಗರು ಶತ್ರುಪಾಳೆಯದೊಳಗೆ ಅಡಗಿ ಕುಳಿತ ಗೂಢಚಾರನನ್ನು ಸೇರಿಸುತ್ತಾರೆ. ಬಂದರಿನ ತಡೆಗೋಡೆಗೂ ಇದೇ ಪದವಿದೆ ಎಂದು ನಾನೇ ಹೇಳಬೇಕಾಗುತ್ತದೆ. ಮಂಜೇಶ್ವರದ ಮೀನುಗಾರಿಕಾ ಬಂದರಿನಲ್ಲಿ ಸಮುದ್ರದೊಳಕ್ಕೆ ಚಾಚಿರುವ ಕಲ್ಲಿನ ಸಾಲುಗಳನ್ನು ಮಕ್ಕಳು ಕಂಡಿರುತ್ತಾರೆ. ಮಲಯಾಳದಲ್ಲಿ ಅದು ಪುಲಿಮುಟ್ಟು.

ಈಗ ಪ್ರಶ್ನೆ: ಇವೆಲ್ಲ ಒಂದೇ ಪದದ ಅರ್ಥಗಳೇ? ಹೌದು ಎನ್ನುವವರೇ ಹೆಚ್ಚು, ಅದಕ್ಕೊಂದು ವಾದವೂ ಸಿದ್ಧವಿರುತ್ತದೆ. ಪ್ರಾಣಿ ಮಣ್ಣನ್ನು ಗುಪ್ಪೆಯಾಗಿ ಎಬ್ಬಿಸುತ್ತದೆ, ಮಚ್ಚೆಯೂ ಚರ್ಮದ ಮೇಲೆ ಎದ್ದು ನಿಲ್ಲುತ್ತದೆ, ಆದ್ದರಿಂದ ಎರಡಕ್ಕೂ ಅದೇ ಹೆಸರು! ಕೇಳಲು ಚೆನ್ನಾಗಿದೆ, ಆದರೆ ನಿಜವಲ್ಲ. ಮಚ್ಚೆಯ ಪದ ಹಳೆಯ ಇಂಗ್ಲಿಷಿನಲ್ಲಿ ‘ಮಾಲ್’ ಎಂದಿತ್ತು. ಕಲೆ, ವಿಶೇಷವಾಗಿ ಬಟ್ಟೆಯ ಮೇಲಿನ ಕಲೆ ಎಂದು ಅರ್ಥ. ಹಳೆಯ ಇಂಗ್ಲಿಷಿನ ದೀರ್ಘ ‘ಆ’ ಮುಂದೆ ‘ಓ’ ಆಗಿ ತಿರುಗಿತು: ಸ್ತಾನ್ ಹೋಗಿ ಸ್ಟೋನ್, ಹಾಮ್ ಹೋಗಿ ಹೋಮ್, ಬಾನ್ ಹೋಗಿ ಬೋನ್. ಅದೇ ದಾರಿಯಲ್ಲಿ ಮಾಲ್ ಮೋಲ್ ಆಯಿತು. ಪ್ರಾಣಿಯ ಹೆಸರು ಬೇರೆಯೇ. 14ನೆಯ ಶತಮಾನದ ಇಂಗ್ಲಿಷಿನಲ್ಲಿ ಅದು ‘ಮೊಲ್ಲೆ’. ಡಚ್ ಭಾಷೆಯಲ್ಲಿ ಇಂದಿಗೂ ‘ಮೊಲ್’. ಅದೇ ಪ್ರಾಣಿಗೆ ‘ಮೋಲ್ಡ್‌ವಾರ್ಪ್’, ಅಂದರೆ ಮಣ್ಣೆಸೆಯುವುದು, ಎಂಬ ಇನ್ನೊಂದು ಹೆಸರೂ ಇತ್ತು. ಜರ್ಮನ್ನರ ‘ಮೌಲ್‌ವುರ್ಫ್’ ಅದರದೇ ಬಂಧು. ಅಲ್ಲಿ ಮಣ್ಣಿನ ಹಳೆಯ ಪದ ಮರೆತುಹೋಗಿ, ಜನ ಅದನ್ನು ಮೂತಿ ಎಂಬರ್ಥದ ‘ಮೌಲ್’ ಎಂದುಕೊಂಡು ಮೂತಿಯಿಂದ ಎಸೆಯುವ ಪ್ರಾಣಿ ಎಂದು ಬಗೆದರು. ಚಂದದ ವಾದ ಕಟ್ಟುವುದರಲ್ಲಿ ನಮ್ಮ ಮಕ್ಕಳು ಒಬ್ಬಂಟಿಗಳಲ್ಲ. ಗೂಢಚಾರ ಮಾತ್ರ ಈ ಪ್ರಾಣಿಯ ಮನೆಯವನೇ. ಅದೇ ಪದದ ಮುಂದುವರಿದ ಅರ್ಥ.

ಇಷ್ಟನ್ನು ಬರಿದೇ ಹೇಳಿದರೆ ಮಕ್ಕಳು ತಲೆಯಾಡಿಸುತ್ತಾರೆ, ಅಷ್ಟೇ. ಎರಡು ಬೇರೆ ಪದಗಳು ಸವೆದು ಒಂದೇ ರೂಪಕ್ಕೆ ಬರುವುದೆಂದರೇನು ಎಂಬುದು ಅವರ ನಾಲಗೆಗೇ ತಾಗಬೇಕು. ಅದಕ್ಕಾಗಿ ಮೋಲನ್ನು ಬದಿಗಿಟ್ಟು ‘ಕರೆ’ ಎಂದು ಬರೆಯುತ್ತೇನೆ.

ಇದಕ್ಕೆ ಉತ್ತರಗಳು ಧಾರಾಳ. ಕೂಗು, ಆಹ್ವಾನ. ಹಾಲು ಕರೆಯುವುದು. ಬಾಳೆಗೊನೆ ಕಡಿದಾಗ ಅಂಗಿಗೆ ಹಿಡಿಯುವ ಕರೆ. ಹೊಳೆಯ ಕರೆ, ಅಂದರೆ ದಡ. ಪೈವಳಿಕೆಯ ಕಡೆಯವರಿದ್ದರೆ ಜೋಡುಕರೆ ಕಂಬಳದ ಕರೆ, ಅಂದರೆ ಕೋಣಗಳು ಓಡುವ ಕೆಸರಿನ ಓಟದ ದಾರಿ. ಇವುಗಳನ್ನು ಈಗ ಮಲಯಾಳದಲ್ಲಿ ಹೇಳಿ ಎನ್ನುತ್ತೇನೆ. ದಡಕ್ಕೆ ‘ಕರ’. ಕಲೆಗೂ ‘ಕರ’ವೇ, ಆದರೆ ಬರೆಯಹೊರಟ ಹುಡುಗಿಯ ಕೈ ತಡೆಯುತ್ತದೆ. ಎರಡರ ‘ರ’ ಬೇರೆ ಬೇರೆ! ದಡದ್ದು ಮೃದುವಾದ ರ, ಕಲೆಯದು ಒತ್ತಿ ನುಡಿಯುವ ಱ. ಹಾಲು ಕರೆಯುವ ‘ಕಱಕ್ಕುಗ’ದಲ್ಲಿ ಗಟ್ಟಿ ಱ. ಅಳುವುದಕ್ಕೆ ಹೇಳುವ ‘ಕರಯುಗ’ದಲ್ಲಿ ಮೃದು ರ, ಇದೇ ನಮ್ಮ ಕೂಗಿ ಕರೆಯುವ ‘ಕರೆ’ಯ ಸೋದರ. ಹಳಗನ್ನಡದಲ್ಲಿ ಕನ್ನಡಕ್ಕೂ ಈ ಎರಡು ಅಕ್ಷರಗಳಿದ್ದವು. ಕರೆ ಎಂದರೆ ಕೂಗು, ದಡ. ಕಱೆ ಎಂದರೆ ಹಾಲು ಹಿಂಡುವುದು, ಕಲೆ. ಕನ್ನಡ ಒಂದು ಅಕ್ಷರವನ್ನು ಕಳೆದುಕೊಂಡಿತು, ಪದಗಳು ಒಂದರೊಳಗೊಂದು ಬೆರೆತುಹೋದವು. ಕಂಬಳದ ಕರೆಯನ್ನು ದಡದ ಪಕ್ಕದಲ್ಲಿ ಕೂರಿಸುವ ತೀರ್ಮಾನ ಮಕ್ಕಳದೇ, ನಾನು ತಡೆಯುವುದಿಲ್ಲ.

ಬೆಂಗಳೂರಿನ ತರಗತಿಯಲ್ಲಿ ಇದನ್ನು ಹೇಳಬೇಕಾದರೆ ಹಳಗನ್ನಡದ ವ್ಯಾಕರಣಕಾರ ಕೇಶಿರಾಜನನ್ನು ಕರೆತರಬೇಕು. ಇಲ್ಲಿ ಮಲಯಾಳ ಮನೆಮಾತಿನ ಹುಡುಗಿಯೊಬ್ಬಳು ಸಾಕು. ಗಡಿಯಲ್ಲಿ ಕನ್ನಡ ಸೊರಗುತ್ತಿದೆ ಎಂದು ವೇದಿಕೆಗಳಲ್ಲಿ ಕೇಳಿ ಕೇಳಿ ಬೇಸತ್ತ ನನಗೆ, ಪಕ್ಕದ ಭಾಷೆಯಿಂದಲೇ ಕನ್ನಡದ ಹಳೆಯ ಅಕ್ಷರವೊಂದು ತರಗತಿಗೆ ಮರಳುವ ಈ ಗಳಿಗೆ ಬಹಳ ಇಷ್ಟ.

ಪರೀಕ್ಷಿಸಿ ನೋಡಲು ನಿಘಂಟುಗಳಿವೆ. ಬಾಸೆಲ್ ಮಿಷನ್ನಿನವರು ನಮ್ಮ ಸುತ್ತಲೇ ಅವನ್ನು ಬಿತ್ತಿದ್ದಾರೆ: ತಲಶ್ಶೇರಿಯಲ್ಲಿ ನೆಲೆಸಿ ದುಡಿದ ಗುಂಡರ್ಟರ ಮಲಯಾಳ ನಿಘಂಟು 1872ರದು, ಮ್ಯಾನರ್ ಅವರ ತುಳು ನಿಘಂಟು 1886ರದು, ಕಿಟೆಲ್ಲರ ಕನ್ನಡ ನಿಘಂಟು 1894ರದು. ಅವುಗಳ ಪ್ರತಿಗಳನ್ನು ಅಂತರಜಾಲದಿಂದ ಇಳಿಸಿಕೊಂಡು ಬೇಕಾದ ಪುಟಗಳನ್ನು ಮುದ್ರಿಸಿಟ್ಟುಕೊಂಡಿದ್ದೇನೆ. ಒಂದೇ ರೂಪದ ಪದಗಳಿಗೆ ನಿಘಂಟುಕಾರರು ಬೇರೆ ಬೇರೆ ಸಂಖ್ಯೆ ಕೊಟ್ಟು ಏಕೆ ನಮೂದಿಸುತ್ತಾರೆ ಎಂಬುದು ಈಗ ವಿವರಿಸದೆಯೇ ತಿಳಿಯುತ್ತದೆ. ಒಳ್ಳೆಯ ಇಂಗ್ಲಿಷ್ ನಿಘಂಟಿನಲ್ಲಿ ಮೋಲ್‌ಗೂ ಹಾಗೆಯೇ ಹಲವು ಪ್ರತ್ಯೇಕ ನಮೂದುಗಳಿವೆ.

ಅಲ್ಲಿಂದ ರಸಾಯನಶಾಸ್ತ್ರಕ್ಕೆ ದಾರಿ ಹತ್ತಿರ. ಬಂದರಿನ ಮೋಲ್ ಲ್ಯಾಟಿನ್ನಿನ ‘ಮೋಲೆಸ್’ನಿಂದ, ಫ್ರೆಂಚ್ ಮೂಲಕ 16ನೆಯ ಶತಮಾನದಲ್ಲಿ ಬಂತು. ಭಾರೀ ರಾಶಿ, ದೊಡ್ಡ ಕಟ್ಟಡ ಎಂದು ಅರ್ಥ. ಕೆಡವುವುದಕ್ಕೆ ಹೇಳುವ ‘ಡೆಮಾಲಿಷ್’ನಲ್ಲಿರುವುದೂ ಅದೇ. ಆ ಮೋಲೆಸ್‌ಗೆ ಕಿರಿದೆಂಬ ಪ್ರತ್ಯಯ ಹಚ್ಚಿದಾಗ ‘ಮೋಲೆಕುಲಾ’, ಪುಟ್ಟ ರಾಶಿ; ಅದರಿಂದ ಮಾಲಿಕ್ಯೂಲ್, ಅಣು. ವಿಲ್ಹೆಲ್ಮ್ ಓಸ್ಟ್‌ವಾಲ್ಡ್ 1890ರ ದಶಕದಲ್ಲಿ ಜರ್ಮನ್ ಪದದ ಬಾಲ ಕತ್ತರಿಸಿ ‘ಮೋಲ್’ ಎಂಬ ಮಾನವನ್ನು ಮಾಡಿದರು. ಹಾಗಾಗಿ ಮಂಜೇಶ್ವರದ ಕಲ್ಲಿನ ಗೋಡೆಯೂ ಪ್ರಯೋಗಶಾಲೆಯ ಮೋಲೂ ಒಂದೇ ಬೇರಿನವು. ಓಸ್ಟ್‌ವಾಲ್ಡರಿಗೆ ಆಗ ಪರಮಾಣುಗಳಿವೆ ಎಂಬುದರಲ್ಲೇ ನಂಬಿಕೆಯಿರಲಿಲ್ಲ; ಅವರ ಮೋಲ್ ಗ್ರಾಂಗಳಲ್ಲಿ ತೂಗುವ ಮೊತ್ತವಷ್ಟೇ. ಅವರು ಪರಮಾಣುವನ್ನು ಒಪ್ಪಿಕೊಂಡದ್ದು 1909ರ ಸುಮಾರಿಗೆ. ಅದೇ ವರ್ಷ ಫ್ರೆಂಚ್ ವಿಜ್ಞಾನಿ ಜಾನ್ ಪೆರಿನ್, ಒಂದು ಮೋಲ್‌ನಲ್ಲಿ ಎಷ್ಟು ಕಣಗಳಿವೆ ಎಂದು ಹೇಳುವ ದೊಡ್ಡ ಸಂಖ್ಯೆಗೆ ಇಟಲಿಯ ವಿಜ್ಞಾನಿ ಅವೊಗಾಡ್ರೊ ಹೆಸರಿಡಲು ಸೂಚಿಸಿದರು. ಅವೊಗಾಡ್ರೊ 1856ರಲ್ಲೇ ತೀರಿಕೊಂಡಿದ್ದರು, ತಮ್ಮ ಹೆಸರಿನ ಸಂಖ್ಯೆ ಎಷ್ಟೆಂದು ತಿಳಿಯದೆ. 2019ರ ಮೇ 20ರಿಂದ ಅದು ಅಳತೆಯನ್ನು ಅವಲಂಬಿಸದೆ ನಿಗದಿಯಾದ ಮೌಲ್ಯ: 6.02214076 × 10²³. ಆ ಮೊದಲು 12 ಗ್ರಾಂ ಕಾರ್ಬನ್-12ರಲ್ಲಿರುವ ಪರಮಾಣುಗಳ ಆಸರೆ ಬೇಕಿತ್ತು. ಪುಟ್ಟ ರಾಶಿ ಎಂಬ ಪದದಿಂದ ಹುಟ್ಟಿದ್ದು ಇಷ್ಟು ದೊಡ್ಡ ರಾಶಿಯ ಹೆಸರಾಯಿತಲ್ಲ ಎಂದು ಮಕ್ಕಳು ಬೆರಗಾಗುತ್ತಾರೆ. 18 ಗ್ರಾಂ ನೀರಿನಲ್ಲಿ ಎಷ್ಟು ಅಣುಗಳು ಎಂದು ಮರುದಿನ ಕೇಳಿದಾಗ ಮೋಲ್ ಎಂಬುದು ಆಗಲೇ ಪರಿಚಿತ ಹೆಸರು.

‘ಮೋಲಾರ್’ ಪದದಲ್ಲಿ ಸ್ವಲ್ಪ ನಿಧಾನಿಸಬೇಕು. ಮೋಲಾರ್ ದ್ರವ್ಯರಾಶಿಯ ಮೋಲಾರ್ ಈ ಮೋಲ್‌ನಿಂದ ಬಂದದ್ದು. ದವಡೆಹಲ್ಲಿನ ಮೋಲಾರ್ ಬೀಸುವ ಕಲ್ಲು ಎಂಬರ್ಥದ ‘ಮೋಲಾ’ದಿಂದ. ಜೀವಶಾಸ್ತ್ರದ ಪುಸ್ತಕದಲ್ಲಿ ಹಲ್ಲನ್ನು ಓದಿದವರು ಎರಡನ್ನೂ ಒಂದೇ ಎಂದು ಭಾವಿಸಿರುತ್ತಾರೆ.

ಮೆಕ್ಸಿಕೋದ ‘ಮೋಲೆ’ ಎಂಬ ಸಾರಿನ ಬಗ್ಗೆ ಅವಧಿಯ ಕೊನೆಯಲ್ಲಿ ಸಮಯ ಉಳಿದರೆ ಮಾತ್ರ ಹೇಳುತ್ತೇನೆ. ನಾವಾಟ್ಲ್ ಭಾಷೆಯ ‘ಮೋಲ್ಲಿ’ ಅದರ ಮೂಲ. ಬೆಣ್ಣೆಹಣ್ಣಿನ ಗ್ವಾಕಮೋಲೆಯಲ್ಲೂ ಇರುವುದು ಅದೇ. ಕಾಗುಣಿತ ಮತ್ತೆ ಅದೇ ನಾಲ್ಕು ಅಕ್ಷರ, ಉಚ್ಚಾರ ಮಾತ್ರ ‘ಮೋಳೇ’ಗೆ ಹತ್ತಿರ. ಗಂಟೆ ಹೊಡೆಯುವವರೆಗೂ ನಗು ನಿಲ್ಲುವುದಿಲ್ಲ.

ಒಂಬತ್ತನೆಯವರಿಗೆ ಈ ವರ್ಷ ಬೇರೆ ಪದ ಕೊಟ್ಟಿದ್ದೇನೆ: ‘ಬಾರ್ಕ್’. ನಾಯಿಯ ಬೊಗಳಿಕೆ ಹಳೆಯ ಇಂಗ್ಲಿಷಿನದು, ಮರದ ತೊಗಟೆ ಸ್ಕ್ಯಾಂಡಿನೇವಿಯಾದಿಂದ ಬಂದದ್ದು, ಹಾಯಿಹಡಗು ಫ್ರೆಂಚ್ ದಾರಿಯಾಗಿ ಲ್ಯಾಟಿನ್ನಿನಿಂದ ಬಂದದ್ದು. ಪ್ರತಿಯಾಗಿ ತಮ್ಮ ಮನೆಮಾತಿನಿಂದ ಅಂಥದ್ದೊಂದು ಪದ ತರಬೇಕೆಂದು ಹೇಳಿದ್ದೇನೆ. ಕೊಂಕಣಿಯವರು ಇನ್ನೂ ಹುಡುಕುತ್ತಿದ್ದಾರೆ.