ದಿನಾಂಕದ ಕ್ವೆರಿ ಕೈಕೊಟ್ಟಾಗ ತಪ್ಪು ಹುಡುಕುವ ಬಗೆ

‘ದಿನಾಂಕ ಅಪ್‌ಡೇಟ್ ಆಗ್ತಿಲ್ಲ, ಸ್ವಲ್ಪ ನೋಡಿ’ ಎಂದು ಯಾರಾದರೂ ಕ್ವೆರಿ (ಡೇಟಾಬೇಸ್‌ಗೆ ಕೊಡುವ ಆದೇಶ) ತಂದರೆ, ಅದನ್ನು ತಿದ್ದುವ ಮೊದಲು ನಾಲ್ಕು ವಿಷಯ ಕೇಳಿಕೊಳ್ಳಿ. ಯಾವ ಡೇಟಾಬೇಸ್, ಯಾವ ವರ್ಷನ್? ಕಾಲಂನ ಟೈಪ್ (ಅದರಲ್ಲಿ ಯಾವ ಬಗೆಯ ಮಾಹಿತಿ ಇಡಬಹುದು ಎಂಬುದು) ಏನು? ಐದಾರು ಸಾಲುಗಳಲ್ಲಿ ಈಗ ಏನಿದೆ, ಏನಾಗಬೇಕು? ಎರರ್ ಬಂದಿದ್ದರೆ ಒಂದಕ್ಷರವೂ ಬಿಡದೆ ಅದು ಏನು ಹೇಳುತ್ತದೆ?

ಇವುಗಳಲ್ಲಿ ಟೈಪ್ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಡೇಟ್ (ದಿನಾಂಕದ ಟೈಪ್), ವಾರ್‌ಚಾರ್ (ಅಕ್ಷರಗಳ ಟೈಪ್) ಎರಡೂ ಪರದೆಯ ಮೇಲೆ ಒಂದೇ ಥರ ಕಾಣಬಹುದು. ಆದರೆ ವಾರ್‌ಚಾರ್‌ನಲ್ಲಿರುವ '05-03-2024' ಬರೀ ಅಕ್ಷರಗಳ ಸಾಲು. ಹೋಲಿಕೆ ಎಡದಿಂದ ನಡೆಯುವುದರಿಂದ '04-12-2024' ಅದಕ್ಕಿಂತ ಚಿಕ್ಕದಾಗಿ, ಡಿಸೆಂಬರ್ ಮಾರ್ಚಿಗಿಂತ ಮುಂಚೆ ಬಂದುಬಿಡುತ್ತದೆ. ಇಂಥ ಕಡೆ ಪ್ರತಿ ಕ್ವೆರಿಯನ್ನೂ ತಿದ್ದುವುದಕ್ಕಿಂತ ಕಾಲಂ ಅನ್ನೇ ಡೇಟ್ ಟೈಪಿಗೆ ಬದಲಾಯಿಸುವುದು ಒಳ್ಳೆಯದು.

ಮುಂದೆ ಸಿಂಗಲ್ ಕೋಟ್ ನೋಡಿ. ಕೋಟ್ ಇಲ್ಲದೆ 2024-03-05 ಎಂದು ಬರೆದರೆ ಅದು ಕಳೆಯುವ ಲೆಕ್ಕವಾಗುತ್ತದೆ: 2024ರಲ್ಲಿ 3, ಆಮೇಲೆ 5 ಕಳೆದು 2016. ಎಸ್‌ಕ್ಯುಎಲ್ ಸರ್ವರ್ ಎಂಬ ಡೇಟಾಬೇಸ್‌ನ ಡೇಟ್‌ಟೈಮ್ (ದಿನಾಂಕದ ಜೊತೆ ಸಮಯವನ್ನೂ ಇಡುವ) ಕಾಲಂ ಈ ಸಂಖ್ಯೆಯನ್ನು 1900ರ ಜನವರಿ 1ರಿಂದಾಚೆಗಿನ ದಿನಗಳೆಂದು ತಿಳಿದು, ತಕರಾರಿಲ್ಲದೆ 1905-07-10 ಎಂದು ಬರೆದುಕೊಳ್ಳುತ್ತದೆ. ಟೇಬಲ್‌ನಲ್ಲಿ 1905 ಕಂಡರೆ ಮೊದಲು ಕೋಟ್ ಮೇಲೆಯೇ ಅನುಮಾನಪಡಿ. ಅದೇ ಕಾಲಂಗೆ ಬರೆಯುವಾಗ ಗೆರೆಗಳಿಲ್ಲದ '20240305' ರೂಪವೇ ಸುರಕ್ಷಿತ. ಲಾಗಿನ್‌ನ ಭಾಷೆ ದಿನ-ತಿಂಗಳ ಕ್ರಮದ್ದಾಗಿದ್ದರೆ '2024-03-05' ಮೇ 3 ಆಗಿಬಿಡುತ್ತದೆ.

ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸ್‌ನಲ್ಲಿ ಪದೇ ಪದೇ ಕಾಣುವ ತಪ್ಪು ಇನ್ನೊಂದಿದೆ. ಎರಡು ಕಾಲಂ ಬದಲಿಸುವಾಗ ಸೆಟ್ ಭಾಗದಲ್ಲಿ (ಯಾವ ಕಾಲಂಗೆ ಏನು ಬರೆಯಬೇಕು ಎಂದು ಹೇಳುವ ಕಡೆ) ಕಾಮಾ ಬದಲು ‘ಆಂಡ್’ ಹಾಕುವುದು. ಆಗ ಇಡೀ ಮಾತು ಒಂದೇ ಷರತ್ತಾಗಿ, ಅದರ ಉತ್ತರ 0 ಅಥವಾ 1 ಮೊದಲ ಕಾಲಂಗೆ ಹೋಗುತ್ತದೆ. ಸ್ಟ್ರಿಕ್ಟ್ ಮೋಡ್ (ತಪ್ಪು ಮಾಹಿತಿಯನ್ನು ತಡೆಯುವ ಸೆಟ್ಟಿಂಗ್) ಇದ್ದರೆ ‘ಟ್ರಂಕೇಟೆಡ್ ಇನ್‌ಕರೆಕ್ಟ್ ಡಬಲ್ ವ್ಯಾಲ್ಯೂ’ ಎಂಬ, ದಿನಾಂಕಕ್ಕೆ ಸಂಬಂಧವೇ ಇಲ್ಲವೆನಿಸುವ ಎರರ್ ಬರುತ್ತದೆ. ಇಲ್ಲದಿದ್ದರೆ 0000-00-00 ಬಂದು ಕೂರುತ್ತದೆ.

ತಿಂಗಳ ಕೊನೆಯ ದಿನದ ಸಾಲುಗಳು ಕಾಣೆಯಾಗಿವೆಯೇ? ಕಾಲಂ ಡೇಟ್‌ಟೈಮ್ ಆಗಿದ್ದು, '2024-03-31' ವರೆಗೆ ಎಂದು ‘ಬಿಟ್ವೀನ್’ ಹಾಕಿದರೆ ಹುಡುಕಾಟ 31ರ ನಡುರಾತ್ರಿ 00:00ಕ್ಕೇ ನಿಲ್ಲುತ್ತದೆ. >= '2024-03-01' ಮತ್ತು < '2024-04-01' ಎಂದು ಬರೆಯಿರಿ. ಕಾಲಂಗೆ ಫಂಕ್ಷನ್ ಸುತ್ತಿ ಗಂಟೆ-ನಿಮಿಷ ಕತ್ತರಿಸಿದರೂ ಉತ್ತರ ಸರಿ ಬರುತ್ತದೆ, ಆದರೆ ಎಷ್ಟೋ ಸಲ ಇಂಡೆಕ್ಸ್ (ಬೇಗ ಹುಡುಕಲು ಇಟ್ಟ ಸೂಚಿ) ಉಪಯೋಗಕ್ಕೆ ಬರುವುದಿಲ್ಲ, ದೊಡ್ಡ ಟೇಬಲ್‌ನಲ್ಲಿ ಕ್ವೆರಿ ತೆವಳುತ್ತದೆ. ಇನ್ನು ದಿನಾಂಕ ಖಾಲಿ (ನಲ್) ಇರುವ ಸಾಲುಗಳು <> ಹೋಲಿಕೆಗೆ ಸಿಗುವುದಿಲ್ಲ, ಅವಕ್ಕೆ ‘ಈಸ್ ನಲ್’ ಬೇರೆಯಾಗಿ ಬೇಕು.

ಅಪ್‌ಡೇಟ್ ಓಡಿಸುವಾಗ ಅದೇ ವೇರ್ ಷರತ್ತಿನಿಂದ (ಯಾವ ಸಾಲುಗಳು ಎಂದು ಹೇಳುವ ಭಾಗ) ಮೊದಲು ಸೆಲೆಕ್ಟ್ ಮಾಡಿ, ಎಷ್ಟು ಸಾಲು ಬಂತು ಎಂದು ಬರೆದಿಟ್ಟುಕೊಳ್ಳಿ. ಟ್ರಾನ್ಸಾಕ್ಷನ್ ಶುರುಮಾಡಿ, ಅಪ್‌ಡೇಟ್ ಕೊಡಿ, ಎಣಿಕೆ ತಾಳೆಯಾದರೆ ಕಮಿಟ್ (ಬದಲಾವಣೆ ಖಾಯಂ), ಇಲ್ಲವಾದರೆ ರೋಲ್‌ಬ್ಯಾಕ್ (ಬದಲಾವಣೆ ರದ್ದು). ಮೈಎಸ್‌ಕ್ಯುಎಲ್‌ನಲ್ಲಿ ‘ಮ್ಯಾಚ್ಡ್ 1, ಚೇಂಜ್ಡ್ 0’ ಎಂದು ಬಂದರೆ ಸಾಲು ಸಿಕ್ಕಿದೆ, ಅದರಲ್ಲಿ ಮೊದಲೇ ಅದೇ ದಿನಾಂಕವಿತ್ತು ಎಂದರ್ಥ. ಅದು ವೇರ್‌ನ ತಪ್ಪಲ್ಲ. ಟೇಬಲ್ ಮೈಐಸ್ಯಾಮ್ ಎಂಜಿನ್‌ನದಾಗಿದ್ದರೆ (ಮೈಎಸ್‌ಕ್ಯುಎಲ್ ಟೇಬಲ್ ಇಡುವ ಒಂದು ಬಗೆ) ರೋಲ್‌ಬ್ಯಾಕ್ ನಡೆಯುವುದೇ ಇಲ್ಲ, ಮೊದಲೇ ನೋಡಿಕೊಳ್ಳಿ.

ತಿಂಗಳು ಕೂಡಿಸುವ ಅಪ್‌ಡೇಟ್‌ಗೆ ಹೆಚ್ಚು ಎಚ್ಚರ ಬೇಕು. ಮೈಎಸ್‌ಕ್ಯುಎಲ್, ಪೋಸ್ಟ್‌ಗ್ರೆಸ್, ಎಸ್‌ಕ್ಯುಎಲ್ ಸರ್ವರ್ ಮೂರರಲ್ಲೂ 2024ರ ಜನವರಿ 31ಕ್ಕೆ ಒಂದು ತಿಂಗಳು ಕೂಡಿಸಿದರೆ ಫೆಬ್ರವರಿ 29. ತಪ್ಪಾಯಿತೆಂದು ಒಂದು ತಿಂಗಳು ಕಳೆದರೆ ಸಿಗುವುದು ಜನವರಿ 29, ಹಳೆಯ 31 ಅಲ್ಲ. ಹಾಗಾಗಿ ಅಪ್‌ಡೇಟ್‌ಗೆ ಮೊದಲೇ ಪ್ರೈಮರಿ ಕೀ (ಪ್ರತಿ ಸಾಲನ್ನು ಗುರುತಿಸುವ ಕಾಲಂ) ಮತ್ತು ಹಳೆಯ ದಿನಾಂಕವನ್ನು ಬೇರೊಂದು ಟೇಬಲ್‌ಗೆ ನಕಲು ಮಾಡಿಸಿ. ಕಮಿಟ್ ಆದಮೇಲೆ ವಾಪಸ್ ಬರಲು ಅದೇ ದಾರಿ.