ಬೆಳಕು ಬಾಗುವುದು ಎಲ್ಲಿ? ಗಾಜು, ನೀರು, ಮಸೂರಗಳ ಜೊತೆ ನಾನು ಮಾಡಿಸುವ ಪ್ರಯೋಗಗಳು

ವಕ್ರೀಭವನದ, ಅಂದರೆ ಬೆಳಕು ಬಾಗುವುದರ, ಪಾಠವನ್ನು ನೀರಿನ ಲೋಟದಲ್ಲಿ ಮುರಿದಂತೆ ಕಾಣುವ ಪೆನ್ಸಿಲ್‌ನಿಂದ ನಾನು ಶುರು ಮಾಡುವುದಿಲ್ಲ. ಅಲ್ಲಿ ಮಕ್ಕಳು ನೋಡುವುದು ಪೆನ್ಸಿಲ್‌ನ ಪ್ರತಿಬಿಂಬವನ್ನು. ಕಿರಣ ಎಲ್ಲಿ ಬಾಗಿತು, ಎಷ್ಟು ಬಾಗಿತು ಅನ್ನುವುದು ಕಣ್ಣಿಗೆ ಬೀಳುವುದೇ ಇಲ್ಲ. ‘ನೀರಿನೊಳಗೆ ಬೆಳಕು ಬಾಗುತ್ತದೆ’ ಎಂದು ಬರೆದುಕೊಂಡು ಹೋಗುತ್ತಾರೆ. ಆದರೆ ನೀರಿನೊಳಗೆ ಅದು ನೇರವಾಗಿಯೇ ಸಾಗುತ್ತದೆ. ಬಾಗುವುದು ಗಾಳಿ ಮತ್ತು ನೀರು ಕೂಡುವ ಮೇಲ್ಮೈಯಲ್ಲಿ ಮಾತ್ರ. ಈ ಒಂದು ಮಾತು ಮನಸ್ಸಿಗೆ ಇಳಿದರೆ ಮಸೂರದ ಪಾಠ ಅರ್ಧ ಮುಗಿದಂತೆ. ಅದಕ್ಕೆ ಮೊದಲು ಬೇಕಾಗುವುದು ಕಾಗದದ ಮೇಲೆ ಎದ್ದು ಕಾಣುವ ಒಂದು ತೆಳು ಕಿರಣ.

ಕಿರಣಕ್ಕೆ ಫೋನಿನ ಟಾರ್ಚ್ ಸಾಕು, ಅದರ ಎಲ್‌ಇಡಿ ಚಿಕ್ಕದಾಗಿರುವುದರಿಂದ. ಹಲವು ಎಲ್‌ಇಡಿಗಳಿರುವ ಟಾರ್ಚ್ ಬೇಡ. ಪ್ರತಿ ಎಲ್‌ಇಡಿಗೂ ಒಂದೊಂದು ಗೆರೆ ಬಂದು ಗೊಂದಲವಾಗುತ್ತದೆ. ಕಪ್ಪು ರಟ್ಟಿನಲ್ಲಿ 1 ಮಿ.ಮೀ. ಅಗಲ, 2 ಸೆಂ.ಮೀ. ಎತ್ತರದ ಸೀಳನ್ನು ಬ್ಲೇಡಿನಿಂದ ಕೊಯ್ದು, ಸೀಳಿನ ಬುಡ ಕಾಗದಕ್ಕೆ ತಾಗುವಂತೆ ನಿಲ್ಲಿಸಿ, ಫೋನನ್ನು 30 ಸೆಂ.ಮೀ. ಹಿಂದೆ ಇಡುತ್ತೇನೆ. ಎಲ್‌ಇಡಿ ಮೇಜಿನಿಂದ ಎಷ್ಟು ಎತ್ತರದಲ್ಲಿದೆ ಎನ್ನುವುದನ್ನು ಯಾರೂ ಗಮನಿಸುವುದಿಲ್ಲ, ಕೆಡುವುದು ಮಾತ್ರ ಅಲ್ಲೇ. ಅದು 3 ಸೆಂ.ಮೀ. ಎತ್ತರದಲ್ಲಿದ್ದರೆ ಸೀಳಿನ ತುದಿಯಿಂದ ಬಂದ ಬೆಳಕು ಕಾಗದ ಮುಟ್ಟುವುದು ಸುಮಾರು 60 ಸೆಂ.ಮೀ. ಆಚೆ, ಅಷ್ಟುದ್ದಕ್ಕೂ ಗೆರೆ ಕಾಣುತ್ತದೆ. 10 ಸೆಂ.ಮೀ. ಎತ್ತರದಲ್ಲಿದ್ದರೆ ಏಳೆಂಟು ಸೆಂ.ಮೀ.ಗೇ ಗೆರೆ ಸತ್ತುಹೋಗುತ್ತದೆ. ಸೀಳು 3 ಮಿ.ಮೀ. ಆದರೆ 15 ಸೆಂ.ಮೀ. ಆಚೆ ಗೆರೆ ಐದಾರು ಮಿ.ಮೀ. ದಪ್ಪವಾಗುತ್ತದೆ, ಆಮೇಲೆ ಅದರ ಯಾವ ಅಂಚನ್ನು ಅಳೆಯಬೇಕು ಎಂಬ ಜಗಳ ಶುರು.

ಲೇಸರ್ ಬಳಸುವುದಾದರೆ 1 ಮಿಲಿವ್ಯಾಟ್‌ಗಿಂತ ಕಡಿಮೆಯದ್ದನ್ನೇ, ಅದೂ ಸ್ಟ್ಯಾಂಡಿಗೆ ಬಿಗಿದು. ಮಕ್ಕಳ ಕೈಗೆ ಕೊಡುವುದಿಲ್ಲ. ನೇರ ಕಿರಣದ ಬಗ್ಗೆ ಎಲ್ಲರಿಗೂ ಎಚ್ಚರ ಇರುತ್ತದೆ; ಗಾಜಿನ ಪ್ರತಿ ಮುಖದಿಂದಲೂ ಸುಮಾರು 4 ಶೇಕಡಾ ಬೆಳಕು ಪಕ್ಕಕ್ಕೆ ಪ್ರತಿಫಲಿಸುತ್ತದೆ ಎನ್ನುವುದು ಮರೆತುಹೋಗಿರುತ್ತದೆ. ಪತನ ಕೋನ (ಮೇಲ್ಮೈಗೆ ಎಳೆದ ಲಂಬಕ್ಕೂ ಬಂದು ಬೀಳುವ ಕಿರಣಕ್ಕೂ ನಡುವಿನ ಕೋನ) ಹೆಚ್ಚಿದಂತೆ ಆ ಪಾಲೂ ಹೆಚ್ಚುತ್ತದೆ. ಕುಳಿತವರ ಕಣ್ಣಿನ ಮಟ್ಟಕ್ಕಿಂತ ಕೆಳಗೆ ಕಿರಣ ಇರಲಿ, ಮೇಜಿನ ಸುತ್ತ ಕಪ್ಪು ರಟ್ಟಿನ ಗೋಡೆ ನಿಲ್ಲಿಸಿ.

ಮೊದಲ ಅಳತೆ ಗಾಜಿನ ಸ್ಲ್ಯಾಬ್‌ನಲ್ಲಿ. ಅದನ್ನು ಕಾಗದದ ಮೇಲಿಟ್ಟು ಚೂಪು ಪೆನ್ಸಿಲ್‌ನಿಂದ ಅಂಚು ಬರೆದು, ಕಿರಣ ಒಳಹೊಕ್ಕ ಜಾಗ, ಹೊರಬಿದ್ದ ಜಾಗ, ಎರಡೂ ಕಡೆ ದೂರದಲ್ಲಿ ಒಂದೊಂದು ಚುಕ್ಕೆ ಗುರುತಿಸಬೇಕು. ನಂತರ ಸ್ಲ್ಯಾಬ್ ತೆಗೆದು ಚುಕ್ಕೆಗಳನ್ನು ಸೇರಿಸುವುದು. ಕಿರಣದ ಬದಲು ಗುಂಡುಸೂಜಿಗಳಿಂದ ಮಾಡುವುದಾದರೆ ಎರಡು ಸೂಜಿಗಳ ನಡುವೆ ಕನಿಷ್ಠ 5 ಸೆಂ.ಮೀ. ಬಿಡಿ, ಮತ್ತು ಗಾಜಿನ ಮೂಲಕ ನೋಡುವಾಗ ಸೂಜಿಗಳ ತಲೆಯನ್ನು ಹೊಂದಿಸದೆ ಬುಡವನ್ನು ಹೊಂದಿಸಿ. ಸೂಜಿ ಸ್ವಲ್ಪ ವಾಲಿದ್ದರೂ ಬುಡ ಇದ್ದಲ್ಲೇ ಇರುತ್ತದೆ. ಸ್ಲ್ಯಾಬ್‌ನ ಅಂಚು ಉಜ್ಜಿ ಸವೆದಿದ್ದರೆ ಪೆನ್ಸಿಲ್ ಗೆರೆ ನಿಜವಾದ ಮುಖಕ್ಕಿಂತ ಅರ್ಧ ಮಿ.ಮೀ. ಒಳಗೋ ಹೊರಗೋ ಹೋಗುತ್ತದೆ. ಹಾಗಿದ್ದಲ್ಲಿ ಮುಖಕ್ಕೆ ಸ್ಕೇಲ್ ಒತ್ತಿ ಹಿಡಿದು ಗೆರೆ ಎಳೆಯುವುದು ವಾಸಿ.

ಎಂಟನೇ ತರಗತಿಯವರಿಗೆ ಸೈನ್ ಗೊತ್ತಿರುವುದಿಲ್ಲ, ಬೇಕಾಗಿಯೂ ಇಲ್ಲ. ಕಿರಣ ಒಳಹೊಕ್ಕ ಬಿಂದುವನ್ನು ಕೇಂದ್ರ ಮಾಡಿಕೊಂಡು ಕೈವಾರದಿಂದ 10 ಸೆಂ.ಮೀ. ತ್ರಿಜ್ಯದ ವೃತ್ತ ಹಾಕಿಸುತ್ತೇನೆ. ಅದೇ ಬಿಂದುವಿನಲ್ಲಿ ಮೇಲ್ಮೈಗೆ ಲಂಬ ಎಳೆದು, ಒಳಗಿನ ಕಿರಣವನ್ನು ವೃತ್ತದವರೆಗೆ ಮುಂದುವರಿಸಬೇಕು. ಪತನ ಕಿರಣ ವೃತ್ತವನ್ನು ಕತ್ತರಿಸುವ ಜಾಗದಿಂದ ಲಂಬಕ್ಕೆ ಇರುವ ಅಡ್ಡ ದೂರವನ್ನು ಸ್ಕೇಲಿನಲ್ಲಿ ಅಳೆದು, ಒಳಗಿನ ಕಿರಣದ ಅಡ್ಡ ದೂರದಿಂದ ಭಾಗಿಸಿದರೆ ಬರುವುದೇ ವಕ್ರೀಭವನ ಸೂಚ್ಯಂಕ. ಪತನ ಕೋನ 60° ಇದ್ದಾಗ ಸಾಮಾನ್ಯ ಗಾಜಿನಲ್ಲಿ ಮೊದಲನೆಯದು 8.66 ಸೆಂ.ಮೀ., ಎರಡನೆಯದು 5.7 ಸೆಂ.ಮೀ. ಬರುತ್ತದೆ, ಭಾಗಲಬ್ಧ 1.52. ಕೋನಮಾಪಕಕ್ಕಿಂತ ಇದು ಹೆಚ್ಚು ನಿಖರ ಕೂಡ: 1 ಮಿ.ಮೀ. ತಪ್ಪಿದರೂ ಉತ್ತರ 1.49ರಿಂದ 1.55ರ ಒಳಗೇ ಉಳಿಯುತ್ತದೆ. ಈ ಅನುಪಾತ ಕೋನ ಬದಲಾದರೂ ಬದಲಾಗದು ಎಂಬುದನ್ನು ಡಚ್ ಗಣಿತಜ್ಞ ಸ್ನೆಲ್ 1621ರಲ್ಲಿ ಕಂಡುಕೊಂಡರೂ ಪ್ರಕಟಿಸಲಿಲ್ಲ. ಅದಕ್ಕೂ ಆರು ಶತಮಾನ ಹಿಂದೆಯೇ, 984ರ ಸುಮಾರಿಗೆ, ಬಾಗ್ದಾದಿನ ಇಬ್ನ್ ಸಹ್ಲ್ ಇಂಥದ್ದೇ ರೇಖಾಚಿತ್ರ ಬರೆದು ಮಸೂರದ ಆಕಾರ ಲೆಕ್ಕ ಹಾಕಿದ್ದ.

ಕೋನದ ಆಯ್ಕೆಯಲ್ಲಿ ನಾನು ಸ್ವಲ್ಪ ಹಟವಾದಿ. 15°ಯಂಥ ಸಣ್ಣ ಕೋನದಲ್ಲಿ ಒಳಗಿನ ಕೋನ 9.8° ಬರಬೇಕು, ಒಂದು ಡಿಗ್ರಿ ಕಡಿಮೆ ಓದಿದರೆ ಸೂಚ್ಯಂಕ 1.69ಕ್ಕೆ ಜಿಗಿಯುತ್ತದೆ. 60°ಯಲ್ಲಿ ಅದೇ ಒಂದು ಡಿಗ್ರಿ ತಪ್ಪಿಗೆ 1.56 ಅಷ್ಟೇ. 70° ದಾಟಿದರೆ ಮೇಲ್ಮೈಯಲ್ಲೇ ಪ್ರತಿಫಲಿಸುವ ಬೆಳಕಿನ ಪಾಲು ಬೇಗ ಏರುತ್ತ ಹೋಗಿ ಒಳಗಿನ ಗೆರೆ ಮಂಕಾಗುತ್ತದೆ. ಹಾಗಾಗಿ 40°ರಿಂದ 65°ರ ನಡುವೆ ನಾಲ್ಕೈದು ಅಳತೆ ತೆಗೆಸುತ್ತೇನೆ. ಯಾರಿಗಾದರೂ ಉತ್ತರ 1ಕ್ಕಿಂತ ಕಡಿಮೆ ಬಂತೆಂದರೆ ಅವರ ಕಾಗದ ನೋಡುವ ಮೊದಲೇ ಕಾರಣ ಹೇಳಬಹುದು: ಕೋನವನ್ನು ಲಂಬದಿಂದ ಅಳೆಯುವ ಬದಲು ಗಾಜಿನ ಮೇಲ್ಮೈಯಿಂದ ಅಳೆದಿದ್ದಾರೆ.

ನೀರಿಗೆ ಇದೇ ಕ್ರಮ, ತೆಳು ಗೋಡೆಯ ಚೌಕ ಡಬ್ಬಿಯಲ್ಲಿ. ಸೂಚ್ಯಂಕ 1.33, ಅಕ್ರಿಲಿಕ್‌ಗೆ 1.49, ವಜ್ರಕ್ಕೆ 2.42. ಬೆಳಕು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಓಡುತ್ತದೆ; ಅದನ್ನು ಸೂಚ್ಯಂಕದಿಂದ ಭಾಗಿಸಿದರೆ ನೀರಿನಲ್ಲಿ 2.25 ಲಕ್ಷ, ಗಾಜಿನಲ್ಲಿ ಸುಮಾರು 1.97 ಲಕ್ಷ ಕಿ.ಮೀ. ಆಗುತ್ತದೆ. ವೇಗ ಬದಲಾಗುವುದೇ ಬಾಗಲು ಕಾರಣ ಎಂದು ನಾನು ಹೇಳುವುದು ಈ ಭಾಗಾಕಾರ ಮುಗಿದ ಮೇಲೆ.

ಗಾಜಿನಿಂದ ಹೊರಬರುವ ಕಿರಣಕ್ಕೆ ಅರ್ಧವೃತ್ತದ ಅಕ್ರಿಲಿಕ್ ತುಂಡು ಬಳಸಿ. ದುಂಡು ಬದಿಯಿಂದ ಕೇಂದ್ರದ ಕಡೆಗೆ ಬಂದ ಕಿರಣ ಆ ಬದಿಯಲ್ಲಿ ಬಾಗದೆ ಒಳಬರುತ್ತದೆ, ಬಾಗುವುದು ಚಪ್ಪಟೆ ಮುಖದಲ್ಲಿ ಮಾತ್ರ. ಕೇಂದ್ರ ಒಂದೆರಡು ಮಿ.ಮೀ. ಜಾರಿದರೂ ದುಂಡು ಬದಿಯಲ್ಲಿ ಕಿರಣ ಬಾಗಿಬಿಡುತ್ತದೆ. ಹಾಗಾಗಿ ಮೊದಲು 0°ಯಲ್ಲಿ ಬೆಳಕು ಬಿಟ್ಟು ಅದು ನೇರ ಹೊರಬರುತ್ತಿದೆಯೇ ಎಂದು ಪರೀಕ್ಷಿಸಬೇಕು. ನಿಧಾನವಾಗಿ ತಿರುಗಿಸುತ್ತ ಹೋದರೆ 42°ರ ಹತ್ತಿರ ಹೊರಗಿನ ಕಿರಣ ಚಪ್ಪಟೆ ಮುಖಕ್ಕೆ ಒರಗಿ, ಅಂಚಿನಲ್ಲಿ ಬಣ್ಣ ಬಿಟ್ಟು, ಮಾಯವಾಗುತ್ತದೆ. ಅದೇ ಕ್ರಾಂತಿಕೋನ. ಅಲ್ಲಿಂದ ಮುಂದೆ ಎಲ್ಲ ಬೆಳಕೂ ಒಳಕ್ಕೇ ಪ್ರತಿಫಲಿಸುತ್ತದೆ. ಕೊನೆಗೆ ಉಳಿಯುವ ಬಣ್ಣ ಯಾವುದು ಎಂದು ಕೇಳಿ. ಕೆಂಪು. ಅಕ್ರಿಲಿಕ್‌ನ ಸೂಚ್ಯಂಕ ಕೆಂಪಿಗೆ ಎಲ್ಲಕ್ಕಿಂತ ಕಡಿಮೆ, ಹಾಗಾಗಿ ಅದರ ಕ್ರಾಂತಿಕೋನ ತುಸು ದೊಡ್ಡದು.

ಇನ್ನು ಮಸೂರ. ಎರಡು ಪ್ರಿಸ್ಮ್‌ಗಳ ಬುಡಗಳನ್ನು ಕೂಡಿಸಿಟ್ಟು ಎರಡು ಕಿರಣ ಬಿಟ್ಟರೆ ಅವು ಒಂದನ್ನೊಂದು ದಾಟುತ್ತವೆ. ತುದಿಗಳನ್ನು ಕೂಡಿಸಿಟ್ಟರೆ ಅಗಲುತ್ತವೆ. ನಡು ಉಬ್ಬಿದ ಪೀನ ಮಸೂರ ಮೊದಲನೆಯ ಬಗೆ, ನಡು ತಗ್ಗಿದ ನಿಮ್ನ ಮಸೂರ ಎರಡನೆಯದು. ಮಸೂರದ ಮೇಲ್ಮೈಯ ಓರೆ ನಡುವಿನಿಂದ ಅಂಚಿಗೆ ಹೋದಂತೆ ಹೆಚ್ಚುವುದರಿಂದ ಅಂಚಿನ ಕಿರಣ ಹೆಚ್ಚು ಬಾಗಿ ಎಲ್ಲವೂ ಒಂದೆಡೆ ಸೇರುತ್ತವೆ.

ಮೂರು ಸೀಳಿನ ರಟ್ಟಿಟ್ಟು ಕಿರಣಗಳು ಸೇರುವ ಜಾಗವನ್ನು ‘ಸಂಗಮ ಬಿಂದು’ ಎಂದುಬಿಡುವುದು ತೀರಾ ಸಾಮಾನ್ಯ. ಸಂಗಮ ಬಿಂದು ಎಂದರೆ ಸಮಾಂತರವಾಗಿ ಬಂದ ಕಿರಣಗಳು ಸೇರುವ ಜಾಗ, ಮಸೂರದಿಂದ ಅಲ್ಲಿಗಿರುವ ದೂರವೇ ಸಂಗಮ ದೂರ. ಆದರೆ ಫೋನಿನಿಂದ ಬರುವ ಕಿರಣಗಳು ಸಮಾಂತರವಾಗಿರುವುದಿಲ್ಲ, ಬೀಸಣಿಗೆಯಂತೆ ಹರಡಿರುತ್ತವೆ. 10 ಸೆಂ.ಮೀ. ಸಂಗಮ ದೂರದ ಮಸೂರಕ್ಕೆ ಫೋನು 30 ಸೆಂ.ಮೀ. ಹಿಂದಿದ್ದರೆ ಅವು ಸೇರುವುದು 15 ಸೆಂ.ಮೀ.ಯಲ್ಲಿ. ಫೋನನ್ನು 1 ಮೀಟರ್ ಹಿಂದೆ ಸರಿಸಿದರೆ 11 ಸೆಂ.ಮೀ. ಚಿಲ್ಲರೆ. ಹಾಗಾಗಿ ಸಂಗಮ ದೂರಕ್ಕೆ ಕಿಟಕಿಯಾಚೆಗಿನ ದೂರದ ಮರವನ್ನು ಬಿಳಿ ಕಾಗದದ ಮೇಲೆ ಮೂಡಿಸಿ ಅಳೆಯುವುದೇ ಸರಿ. ಮರ 10 ಮೀಟರ್ ಆಚೆಯಿದ್ದರೆ ತಪ್ಪು 1 ಮಿ.ಮೀ. ಅಷ್ಟೇ. ಸೂರ್ಯನ ಕಡೆಗೆ ಮಸೂರ ಹಿಡಿಯಲು ಬಿಡಬೇಡಿ. ಕಾಗದ ಹೊತ್ತಿಕೊಳ್ಳುತ್ತದೆ, ಮಸೂರದ ಮೂಲಕ ಸೂರ್ಯನನ್ನು ನೋಡಿದರೆ ಕಣ್ಣೇ ಹೋಗುತ್ತದೆ.

ಅದೇ ಮಸೂರದಿಂದ 15, 20, 30 ಸೆಂ.ಮೀ. ದೂರದಲ್ಲಿ ಉರಿಯುವ ಎಲ್‌ಇಡಿ ಇಟ್ಟರೆ ಸತ್ಯ ಪ್ರತಿಬಿಂಬ (ತೆರೆಯ ಮೇಲೆ ಹಿಡಿಯಬಹುದಾದ ಚಿತ್ರ) ಕ್ರಮವಾಗಿ 30, 20, 15 ಸೆಂ.ಮೀ.ಯಲ್ಲಿ ಬೀಳುತ್ತದೆ. ಹೀಗೆ ತೆರೆಯ ಮೇಲೆ ಚಿತ್ರ ನಿಂತಿರುವಾಗ, ಮಸೂರದ ಅರ್ಧವನ್ನು ರಟ್ಟಿನಿಂದ ಮುಚ್ಚಿದರೆ ಏನಾಗುತ್ತದೆ ಎಂದು ಮೊದಲೇ ಬರೆಸಿಕೊಳ್ಳಿ. ಹೆಚ್ಚಿನವರು ಅರ್ಧ ಚಿತ್ರ ಹೋಗುತ್ತದೆ ಎನ್ನುತ್ತಾರೆ. ಚಿತ್ರ ಪೂರ್ತಿ ಇರುತ್ತದೆ, ಮಂಕಾಗುತ್ತದೆ ಅಷ್ಟೇ, ಏಕೆಂದರೆ ವಸ್ತುವಿನ ಪ್ರತಿ ಬಿಂದುವಿನ ಬೆಳಕೂ ಇಡೀ ಮಸೂರದ ಮೇಲೆ ಬಿದ್ದಿರುತ್ತದೆ. ನಿಮ್ನ ಮಸೂರ ತೆರೆಯ ಮೇಲೆ ಚಿತ್ರ ಮೂಡಿಸುವುದಿಲ್ಲ. ಅದನ್ನು 10 ಸೆಂ.ಮೀ.ಯ ಪೀನ ಮಸೂರಕ್ಕೆ ಅಂಟಿಸಿದಂತೆ ಹಿಡಿದು ಜೋಡಿಯ ಸಂಗಮ ದೂರ ಅಳೆಯಿರಿ. 20 ಸೆಂ.ಮೀ. ಬಂದರೆ ನಿಮ್ನ ಮಸೂರದ್ದೂ 20 ಸೆಂ.ಮೀ., ಋಣ ಚಿಹ್ನೆಯೊಂದಿಗೆ.

ಬಾಗಿಸುವ ಶಕ್ತಿ ಗಾಜಿನದ್ದೇ ಎಂಬ ನಂಬಿಕೆ ಇಷ್ಟಾದರೂ ಉಳಿದಿರುತ್ತದೆ. ಅದಕ್ಕೆ ಮಸೂರವನ್ನು ನೀರಿಗೆ ಇಳಿಸಬೇಕು. ಲ್ಯಾಮಿನೇಟ್ ಮಾಡಿದ ಅಕ್ಷರಗಳ ಹಾಳೆಯನ್ನು ಟ್ರೇ ತಳದಲ್ಲಿಟ್ಟು, 5 ಸೆಂ.ಮೀ. ಮೇಲೆ ಅದೇ ಮಸೂರ ಹಿಡಿದರೆ ಗಾಳಿಯಲ್ಲಿ ಅಕ್ಷರ ಎರಡು ಪಟ್ಟು ದೊಡ್ಡದು. ಮಸೂರ ಮುಳುಗುವಷ್ಟು ನೀರು ತುಂಬಿದ ಮೇಲೆ ಅದು ಸುಮಾರು 1.16 ಪಟ್ಟು, ಅಂದರೆ ದೊಡ್ಡದಾಗಿದೆಯೋ ಇಲ್ಲವೋ ಎಂದು ಅನುಮಾನ ಬರುವಷ್ಟು. 1.52ಕ್ಕೂ 1.33ಕ್ಕೂ ಅಂತರ ಕಡಿಮೆಯಾದ್ದರಿಂದ ಸಂಗಮ ದೂರ 36 ಸೆಂ.ಮೀ.ಗೆ ಹೋಗಿರುತ್ತದೆ. ಮಸೂರದ ಕೆಳಗೆ ಗಾಳಿಗುಳ್ಳೆ ಸಿಕ್ಕಿಕೊಂಡರೆ ಎಲ್ಲ ಕೆಡುತ್ತದೆ, ಓರೆಯಾಗಿ ಇಳಿಸಿ. ಎರಡು ವಾಚ್ ಗ್ಲಾಸ್‌ಗಳನ್ನು (ಪ್ರಯೋಗಾಲಯದ ಆಳವಿಲ್ಲದ ಗಾಜಿನ ತಟ್ಟೆಗಳನ್ನು) ಉಬ್ಬು ಹೊರಗೆ ಬರುವಂತೆ ಸಿಲಿಕೋನ್ ಅಂಟಿನಿಂದ ಸೇರಿಸಿ ಒಂದು ದಿನ ಒಣಗಿಸಿದರೆ ಗಾಳಿ ತುಂಬಿದ ಪೀನ ಮಸೂರ ಸಿದ್ಧ. ನೀರಿನಲ್ಲಿ ಅದು ಅಕ್ಷರಗಳನ್ನು ಚಿಕ್ಕದು ಮಾಡುತ್ತದೆ. ತೇಲುತ್ತದೆ, ಒತ್ತಿ ಹಿಡಿಯಬೇಕು.

ಅಂತರವೇ ಇಲ್ಲದಿದ್ದರೆ? ಬೊರೊಸಿಲಿಕೇಟ್ (ಶಾಖ ತಡೆಯುವ ಪ್ರಯೋಗಾಲಯದ ಗಾಜು) ಪ್ರನಾಳವನ್ನು ಗ್ಲಿಸರಿನ್ ತುಂಬಿದ ಬೀಕರಿನಲ್ಲಿ ಮುಳುಗಿಸಿ, ಒಳಗೂ ಗ್ಲಿಸರಿನ್ ತುಂಬಿದರೆ ಪ್ರನಾಳ ಕಣ್ಮರೆಯಾಗುತ್ತದೆ. ಎರಡರ ಸೂಚ್ಯಂಕವೂ 1.47ರ ಆಸುಪಾಸು. ಸಾಮಾನ್ಯ ಗಾಜಿನದ್ದಾದರೆ ಅಂಚು ಕಾಣುತ್ತಲೇ ಇರುತ್ತದೆ. ಗ್ಲಿಸರಿನ್ ಗಾಳಿಯ ತೇವ ಹೀರುತ್ತದೆ, ತೇವ ಸೇರಿದಷ್ಟೂ ಸೂಚ್ಯಂಕ ಇಳಿಯುತ್ತದೆ. ತೆರೆದಿಟ್ಟ ಹಳೆಯ ಬಾಟಲಿಯದ್ದು ಬೇಡ.

ಕೊನೆಯದು ಸಕ್ಕರೆ ನೀರಿನ ತೊಟ್ಟಿ. ಇಲ್ಲಿ ಅಂಚು ಒಂದೇ ಕಡೆ ಇರದೆ ಪದರ ಪದರವಾಗಿ ಹಬ್ಬಿರುವುದರಿಂದ ಕಿರಣ ಕಮಾನಿನಂತೆ ಬಾಗುತ್ತದೆ. 30 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಗಾಜಿನ ತೊಟ್ಟಿಗೆ ಮೊದಲು 800 ಮಿ.ಲೀ. ನೀರು. ಅರ್ಧ ಲೀಟರ್ ಬಿಸಿನೀರಿನಲ್ಲಿ ಅರ್ಧ ಕೆ.ಜಿ. ಸಕ್ಕರೆ ಕರಗಿಸಿ, ಸೋಸಿ, ಪೂರ್ತಿ ಆರಿದ ಮೇಲೆ ಆಲಿಕೆಗೆ ಸಣ್ಣ ಪೈಪ್ ಸಿಕ್ಕಿಸಿ ನೇರ ತಳಕ್ಕೆ ಬಿಡಬೇಕು. ಪಾಕ ನೀರನ್ನು ಮೇಲಕ್ಕೆತ್ತಿ ತಾನು ಕೆಳಗೆ ಕೂರುತ್ತದೆ. ಬಿಸಿಯಿದ್ದಾಗ ಸುರಿದರೆ ಅದರ ಶಾಖಕ್ಕೆ ಮೇಲಿನ ನೀರು ಸುಳಿದಾಡಿ ಪದರ ಕೆಡಬಹುದು. ಎರಡಕ್ಕೂ ಮೊದಲೇ ಎರಡು ಮೂರು ತೊಟ್ಟು ಹಾಲು ಸೇರಿಸಿದ್ದರೆ ಲೇಸರ್ ಗೆರೆ ಕಾಣುತ್ತದೆ, ಹೆಚ್ಚಾದರೆ ಬರೀ ಮಂಜು. ಒಂದು ರಾತ್ರಿ ಅಲುಗಾಡಿಸದೆ ಬಿಟ್ಟು, ಎರಡು ಪದರ ಕೂಡುವ ಎತ್ತರದಲ್ಲಿ ಸ್ವಲ್ಪ ಮೇಲ್ಮುಖವಾಗಿ ಕಿರಣ ಬಿಡಿ: ತುಸು ಏರಿ, ಬಾಗಿ, ಸಕ್ಕರೆ ಹೆಚ್ಚಿರುವ ಕೆಳಭಾಗಕ್ಕೆ ಇಳಿಯುತ್ತದೆ. ಸೂಚ್ಯಂಕ ಹೆಚ್ಚಿರುವ ಕಡೆಗೇ ಬಾಗು. ಬಿಸಿಲಿಗೆ ಕಾದ ರಸ್ತೆಯ ಮೇಲೆ ಇದು ತಲೆಕೆಳಗು: ಕೆಳಗಿನ ಬಿಸಿ ಗಾಳಿಯ ಸೂಚ್ಯಂಕ ಕಡಿಮೆ, ಆಕಾಶದ ಬೆಳಕು ಮೇಲಕ್ಕೆ ಬಾಗಿ ರಸ್ತೆಯಲ್ಲಿ ನೀರು ನಿಂತಂತೆ ತೋರುತ್ತದೆ. ತೊಟ್ಟಿಯನ್ನು ಮರುದಿನವೇ ಬಳಸಿ ಚೆಲ್ಲಿಬಿಡಿ. ಇನ್ನೂ ಇಟ್ಟರೆ ಹಾಲು, ಸಕ್ಕರೆ ಎರಡೂ ಹುಳಿ ಬಂದು ನೀರು ಕದಡುತ್ತದೆ, ಪದರಗಳೂ ಬೆರೆಯುತ್ತ ಹೋಗಿ ಕಮಾನು ಸಪಾಟಾಗುತ್ತದೆ.